ಅಕ್ಟೋಬರ್ ಹದಿನಾರರ ಒಳಗೆ

ಸಾಲ್ಮಿಯಾ, ಕುವೈತ್
28 ಮೇ 2004, ಶುಕ್ರವಾರ

ಪ್ರೀತಿಯ ಮಗಳು ಅಶ್ಮಿತಾಳಿಗೆ ಅಮ್ಮನ ಮುತ್ತುಗಳು.

ನಿನ್ನ ಎರಡು ಪತ್ರ, ಮೂರು ಚಿತ್ರದ ಕಾರ್ಡು ಬಂದು ಹದಿನೈದು ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ನೀನು ಇನ್ನು ಹತ್ತು ದಿನಕ್ಕೆ ಯಾವ ಊರಿನಲ್ಲಿರುತ್ತೀ ಎಂದು ಲೆಕ್ಕ ಹಾಕಿ, ಆ ಊರಿನ ಅಂಚೆ ಕಚೇರಿಗೆ ಬರೆಯಬೇಕು ಎಂದಿದ್ದೆಯಲ್ಲ, ಆ ಲೆಕ್ಕ ನನಗೆ ಸರಿಬರಲಿಲ್ಲ. ಎರಡು ಸಲ ಊರಿನ ಹೆಸರು ಬರೆದು ಹೊಡೆದು ಹಾಕಿದೆ. ಅಷ್ಟರಲ್ಲಿ ನೀನು ಆ ಊರು ದಾಟಿ ಹೋಗಿರುತ್ತೀ ಎಂದು ಹೆದರಿಕೆ. ಕಡೆಗೆ ಇಲ್ಫ್ರಾಕೂಂಬ್ ಎಂದು ಬರೆದಿದ್ದೇನೆ. ಅದನ್ನು ಬಾಯಲ್ಲಿ ಹೇಗೆ ಹೇಳುತ್ತಾರೋ ನನಗೆ ತಿಳಿಯದು.

ನಿನ್ನ ಕನ್ನಡ ಅಕ್ಷರ ಈಗಲೂ ನಾಲ್ಕನೇ ಕ್ಲಾಸಿನ ಹುಡುಗಿಯದ್ದು. ಯುದ್ಧದ ವರ್ಷ ಎಲ್ಲ ಬಿಟ್ಟು ಊರಿಗೆ ಓಡಿದ್ದರಿಂದ ನಮಗೆ ಆದ ಒಳ್ಳೆಯದು ಇದೊಂದೇ. ಪಡುಬಿದ್ರಿ ಶಾಲೆಯಲ್ಲಿ ಮೂರು ವರ್ಷ ಕೂತು ನೀನು ಕನ್ನಡ ಕಲಿತೆ. ಇಲ್ಲದಿದ್ದರೆ ಇವತ್ತು ನಾನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ‘ಚೆನ್ನಾಗಿದ್ದೇನೆ, ಊಟ ಮಾಡು’ ಎನ್ನುವುದರ ಆಚೆಗೆ ನನ್ನ ಇಂಗ್ಲಿಷ್ ಹೋಗುವುದಿಲ್ಲ.

ನಿನ್ನ ಕಾಲು ಹೇಗಿದೆ? ಹಿಮ್ಮಡಿಯ ಗುಳ್ಳೆಗೆ ಸೂಜಿ ಚುಚ್ಚಬೇಡ. ನಮ್ಮ ಕ್ಲಿನಿಕ್ಕಿನ ಡಾಕ್ಟರಮ್ಮನನ್ನು ಕೇಳಿದೆ. ಒಣಗಲು ಬಿಡಬೇಕಂತೆ, ಎರಡು ಕಾಲ್ಚೀಲ ಹಾಕಬೇಕಂತೆ. ‘ನಿನ್ನ ಮಗಳು ಅಲ್ಲಿ ಏನು ಮಾಡುತ್ತಿದ್ದಾಳೆ?’ ಎಂದು ಅವರು ಕೇಳಿದರು. ಕಮ್ಮಿ ವಯಸ್ಸಿನವರಿಗೆ ಬ್ರಿಟನ್ನಿನವರು ಎರಡು ವರ್ಷದ ವೀಸಾ ಕೊಡುತ್ತಾರೆ, ಒಂದಷ್ಟು ದಿನ ಕೆಲಸ ಮಾಡುವುದು, ಒಂದಷ್ಟು ದಿನ ತಿರುಗುವುದು, ಅವಳು ಸಮುದ್ರದ ಅಂಚು ಹಿಡಿದು ನಡೆಯುತ್ತಿದ್ದಾಳೆ ಎಂದೆ. ‘ಯಾರ ಜೊತೆ?’ ಎಂದರು. ಬೆನ್ನಿಗೊಂದು ಚೀಲ ಇದೆ ಎಂದೆ. ಜಾಬ್ರಿಯಾದ ಆ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಹೆಸರು ಬರೆದುಕೊಂಡು, ಬಿ.ಪಿ. ನೋಡಿ ಒಳಗೆ ಕಳಿಸುತ್ತಿದ್ದೇನೆ. ಆ ದಿನ ಮೊದಲ ಸಲ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ಅಪ್ಪನ ವಿಷಯ. ಸುಳ್ಳು ಹೇಳುವುದಿಲ್ಲ, ಕೋಪ ಇಳಿದಿಲ್ಲ. ಪ್ರತಿ ಶುಕ್ರವಾರ ನಿನ್ನ ಫೋನು ಬರುವ ಹೊತ್ತಿಗೆ ಅವರಿಗೆ ಬಾಲ್ಕನಿಯಲ್ಲಿ ಏನಾದರೊಂದು ಕೆಲಸ ಬರುತ್ತದೆ. ನೀನು ಹೊರಟ ದಿನವೂ ಹಾಗೆಯೇ ತಾನೆ? ಟ್ಯಾಕ್ಸಿ ಕೆಳಗೆ ಕಾಯುತ್ತಿರುವಾಗ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಕೂತರು. ನಾನು ವಿಮಾನ ನಿಲ್ದಾಣದಿಂದ ಮರಳಿ ಬಂದಾಗ ಕೇಳಿದ್ದು ಒಂದು ಮಾತು: “ನಾನು ಇಪ್ಪತ್ತಾರು ವರ್ಷ ಬೇರೆಯವರ ದೇಶದಲ್ಲಿ ಗೋಡೌನು ಕಾದದ್ದು ಎಂತಕ್ಕೆ? ಇವಳು ಇನ್ನೊಬ್ಬರ ದೇಶದಲ್ಲಿ ಹೋಟೆಲಿನ ಹಾಸಿಗೆ ಕೊಡವಲಿಕ್ಕಾ?” ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ನೀನು ಹೋದದ್ದರಲ್ಲಿಯೂ ತಪ್ಪಿರಲಿಲ್ಲ.

ಆದರೆ ನಿನ್ನ ಕಾರ್ಡುಗಳನ್ನು ನಾನು ಟಿ.ವಿ. ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ನಾನಿಟ್ಟ ಕ್ರಮ ಒಂದು, ಸಂಜೆ ಕ್ಲಿನಿಕ್ಕಿನಿಂದ ಬಂದಾಗ ಇರುವ ಕ್ರಮ ಇನ್ನೊಂದು. ಮೊನ್ನೆ ಬಂಡೆಯ ಮೇಲೆ ಕುದುರೆಗಳಿರುವ ಕಾರ್ಡಿನ ಮೂಲೆಯಲ್ಲಿ ಚಹಾದ ಕಲೆ ಇತ್ತು. ಒರೆಸದೆ ಹಾಗೆಯೇ ಇಟ್ಟೆ.

ಮೊಯ್ದೀನ್ ಕುಂಞಿಯವರು ಕಳೆದ ವಾರ ಬಂದಿದ್ದರು. ಅಪ್ಪನ ಕಂಪನಿಯಲ್ಲಿ ಎಲ್ಲರ ಕಾಗದಪತ್ರ ಮಾಡಿಸುವವರು ಅವರೇ ಎಂದು ನಿನಗೆ ಗೊತ್ತು. ಚಹಾ ಕುಡಿಯುತ್ತಾ ನನಗೆ ಕೇಳುವಷ್ಟೇ ಮೆಲ್ಲಗೆ ಹೇಳಿದರು: “ಉಮಕ್ಕಾ, ಅಶ್ಮಿತನ ಇಕಾಮಾ ನೆನಪುಂಟಲ್ಲ? ಆರು ತಿಂಗಳು ಹೊರಗಿದ್ದರೆ ಖಲಾಸ್. ಏಪ್ರಿಲ್ ಹದಿನಾರಕ್ಕೆ ಹೋದದ್ದು, ಅಕ್ಟೋಬರ್ ಹದಿನಾರರ ಒಳಗೆ ಒಮ್ಮೆ ಬಂದು ಕಾಲಿಟ್ಟು ಹೋಗ್ಲಿ. ಒಂದು ದಿವಸ ಸಾಕು.” ಇಲ್ಲೇ ಹುಟ್ಟಿದವಳು ತನ್ನ ಮನೆಯಲ್ಲಿ ವಾಸಕ್ಕೆ ಪರವಾನಿಗೆ ಹಿಡಿಯಬೇಕು, ಬರಲು ತಾರೀಕು ನೋಡಬೇಕು. ಹೇಗೂ ಇನ್ನೂ ನಾಲ್ಕೂವರೆ ತಿಂಗಳಿದೆ, ತಲೆಗೆ ಹಚ್ಚಿಕೊಳ್ಳಬೇಡ. ತಾರೀಕು ಮಾತ್ರ ಬರೆದಿಟ್ಟುಕೋ.

ಇಲ್ಲಿ ಬಿಸಿಲು ಶುರುವಾಗಿದೆ. ಸಂಜೆ ಆರಕ್ಕೆ ನಾನು ಕಡಲ ಬದಿಯ ರಸ್ತೆಯಲ್ಲಿ ಸ್ವಲ್ಪ ನಡೆಯುತ್ತೇನೆ. ನೀನು ಚಿಕ್ಕವಳಿದ್ದಾಗ ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದೆ. ಊರಿಗೆ ಎನ್ನುತ್ತಿದ್ದೆ ನಾನು. ಈಗ ನಾನೇ ಅದನ್ನು ಕೇಳಬೇಕಾಗಿದೆ. ನಿನ್ನ ಕಡಲಿಗೆ ಇದು ಹೋಗಿ ಸೇರಲು ಎಷ್ಟು ಸುತ್ತು ಹಾಕಬೇಕೋ.

ಬೆಚ್ಚಗೆ ಮಲಗು, ಹೊಟ್ಟೆ ತುಂಬಾ ತಿನ್ನು. ನೀನು ಹೋದಲ್ಲೆಲ್ಲ ನಿನಗೆ ಒಳ್ಳೆಯವರೇ ಎದುರಾಗಲಿ.

ನಿನ್ನ ಅಮ್ಮ,
ಉಮಾವತಿ

ತಾ.ಕ.: ನಿನ್ನ ಕೋಣೆಯ ಬಾಗಿಲು ತೆರೆದೇ ಇಟ್ಟಿದ್ದೇನೆ. ಮುಚ್ಚಿದರೆ ನೀನು ಒಳಗಿದ್ದೀ ಎಂದು ಅನಿಸುತ್ತದೆ.


ಸಾಲ್ಮಿಯಾ, ಕುವೈತ್
3 ಸೆಪ್ಟೆಂಬರ್ 2004, ಶುಕ್ರವಾರ

ನನ್ನ ಮುದ್ದಿನ ಅಶ್ಮಿತಾ,

ಇಷ್ಟು ದಿನ ನಾನು ಒಂದು ಸಾಲೂ ಬರೆಯಲಿಲ್ಲ. ಕ್ಲಿನಿಕ್ಕಿನಲ್ಲಿ ಇಬ್ಬರು ರಜೆಯಲ್ಲಿದ್ದಾರೆ, ಕೆಲಸ ಮೈಮೇಲೆ ಬಿದ್ದಿದೆ, ಅಷ್ಟೇ. ನಿನ್ನ ವಿಳಾಸ ಈಗ ಒಂದೇ ಕಡೆ ನಿಂತಿರುವುದು ನನಗೊಂದು ಸಮಾಧಾನ. ಸೇಂಟ್ ಐವ್ಸ್, ಹೋಟೆಲಿನ ಹೆಸರು, ಬೀದಿಯ ಹೆಸರು. ಒಂದು ಮನೆಯ ಹಾಗೆ ಕೇಳುತ್ತದೆ.

ನಿನ್ನ ಉದ್ದದ ಪತ್ರವನ್ನು ಮೂರು ಸಲ ಓದಿದೆ. ದಿನಕ್ಕೆ ಹದಿನೆಂಟು ಹಾಸಿಗೆ, ಆಮೇಲೆ ಮಧ್ಯಾಹ್ನ ಅಡುಗೆ ಮನೆಯಲ್ಲಿ ಮೀನು ಹೆಚ್ಚುವುದು. ಬಂಗುಡೆಯನ್ನು ಹೇಗೆ ಹಿಡಿದು ಸೀಳಬೇಕೆಂದು ನೀನೇ ಅವರ ಅಡುಗೆಯವನಿಗೆ ತೋರಿಸಿಕೊಟ್ಟದ್ದು ಓದಿ ನಗು ಬಂತು. ಇಲ್ಲಿ ಮೀನಿನ ಪಾತ್ರೆ ಮುಟ್ಟೆಂದರೆ ಮೂಗು ಮುಚ್ಚಿ ಓಡುತ್ತಿದ್ದವಳು! ‘ಹಿಂದಿನ ದಿನ ಎಲ್ಲಿದ್ದೆ, ಮರುದಿನ ಎಲ್ಲಿಗೆ ಹೋಗಬೇಕು ಎಂದು ಯೋಚಿಸದೆ ಮೂರು ವಾರ ನಡೆದೆ, ಒಂದು ತಿರುವಿನಲ್ಲಿ ಕೆಳಗೆ ಕಡಲು ಹಸಿರಾಗಿ ಕಂಡಿತು, ಆಗ ನನ್ನ ಹೆಸರನ್ನು ನಾನೇ ಜೋರಾಗಿ ಕೂಗಿ ಹೇಳಿದೆ’ ಎಂದು ಬರೆದಿದ್ದೀ. ಆ ಸಾಲನ್ನು ಮಾತ್ರ ಮೂರಕ್ಕಿಂತ ಹೆಚ್ಚು ಸಲ ಓದಿದೆ. ನನಗೆ ನಲವತ್ತೆಂಟು ವರ್ಷ. ನನ್ನ ಹೆಸರನ್ನು ನಾನು ಜೋರಾಗಿ ಹೇಳಿದ್ದು ಪಾಸ್‌ಪೋರ್ಟ್ ಕಚೇರಿಯ ಕಿಟಕಿಯಲ್ಲಿ ಮಾತ್ರ.

ಈಗ ನೀನು ಕೇಳಿದ ಮಾತಿಗೆ ಬರುತ್ತೇನೆ. “ಅಪ್ಪ ಒಮ್ಮೆ ಬಾ ಎಂದರೆ ಹದಿನಾರರ ಒಳಗೆ ಬರುತ್ತೇನೆ. ಆದರೆ ಬಂದರೆ ಅಪ್ಪನ ಮುಖ ನೋಡಿ ಮತ್ತೆ ಹೊರಡುವ ಧೈರ್ಯ ನನಗೆ ಬರುವುದಿಲ್ಲ, ಉಳಿದ ದಾರಿ ಅಲ್ಲಿಗೇ ಮುಗಿಯುತ್ತದೆ. ಏನು ಮಾಡಲಿ ಹೇಳಮ್ಮಾ” ಎಂದು ಬರೆದಿದ್ದೀ.

ಮಗಾ, ನಿನಗೆ ಹೇಳದ ಒಂದು ವಿಷಯವಿದೆ. ನಾನು ಬೊಂಬಾಯಿಯಲ್ಲಿ ಸ್ವಲ್ಪ ಸಮಯ ಓದಿದೆ ಎಂದಷ್ಟೇ ನಿನಗೆ ಗೊತ್ತು. ನಾನು ಓದಿದ್ದು ನರ್ಸಿಂಗ್. ಎರಡು ವರ್ಷ ಮುಗಿದಿತ್ತು, ಒಂದು ವರ್ಷ ಬಾಕಿ. ಬಿಳಿ ಟೊಪ್ಪಿಗೆ ಇಟ್ಟುಕೊಂಡು ವಾರ್ಡಿನಲ್ಲಿ ನಿಲ್ಲುತ್ತಿದ್ದೆ. ಮಕ್ಕಳ ವಾರ್ಡಿನ ಸಿಸ್ಟರ್ ನನ್ನ ಕೈ ನೋಡಿ, ಈ ಹುಡುಗಿಯ ಕೈಗೆ ಮಗು ಅಳುವುದಿಲ್ಲ ಎನ್ನುತ್ತಿದ್ದರು. 1979ರ ಒಂದು ಮಧ್ಯಾಹ್ನ ತಂತಿ ಬಂತು. ತಾಯಿಗೆ ಸೀರಿಯಸ್, ಕೂಡಲೇ ಹೊರಡು. ಇಪ್ಪತ್ತೆರಡು ಗಂಟೆ ಬಸ್ಸಿನಲ್ಲಿ ಅಳುತ್ತಲೇ ಕೂತಿದ್ದೆ. ಮನೆಗೆ ಬಂದರೆ ಅಮ್ಮ ಅರೆಯುವ ಕಲ್ಲಿನ ಎದುರು ಕೂತು ಮಸಾಲೆ ಅರೆಯುತ್ತಿದ್ದರು. ತಲೆ ಎತ್ತಲಿಲ್ಲ. ನನ್ನ ಅಪ್ಪ ಹೇಳಿದರು: “ಕುವೈತಿನ ಹುಡುಗ. ರಜೆ ಇಪ್ಪತ್ತು ದಿವಸ ಉಂಟು ಅಷ್ಟೆ. ಹೀಗೆ ಹೇಳದಿದ್ದರೆ ನೀನು ಬರ್ತಿದ್ದಿಯಾ?”

ನಿನ್ನ ಅಪ್ಪನಿಗೆ ಇದು ಗೊತ್ತಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ, ನಾನು ಈ ಕ್ಲಿನಿಕ್ಕಿಗೆ ಸೇರಿದ ದಿನ ಹೇಳಿದೆ. ಅವರು “ನನಗೆ ಮೊದಲೇ ಹೇಳ್ಬಾರದಿತ್ತಾ? ಒಂದು ವರ್ಷ ನಾನು ಕಾಯ್ತಿದ್ದೆ” ಎಂದರು. ಕಾಯುತ್ತಿದ್ದರು, ಅದು ನನಗೆ ಗೊತ್ತು. ಅವರು ಒಳ್ಳೆಯವರು. ಆದರೆ ಆ ಒಂದು ವರ್ಷ ಎಲ್ಲಿ ಹೋಯಿತು ಎಂದು ಈಗಲೂ ಯಾರಾದರೂ ಡಾಕ್ಟರಮ್ಮನ ಬಳಿ ಮಗು ತಂದಾಗ ಅನಿಸುತ್ತದೆ. ಆ ಮಗುವನ್ನು ಎತ್ತಿಕೊಳ್ಳುವುದು ಬೇರೆಯವರ ಕೆಲಸ. ನನ್ನದು ಹೆಸರು ಬರೆದುಕೊಳ್ಳುವುದು.

ಹಾಗಾಗಿ ನಾನು ನಿನಗೆ ಬಾ ಎಂದು ಬರೆಯುವುದಿಲ್ಲ. ಇಕಾಮಾ ಹೋದರೆ ಹೋಗಲಿ. ನಿನ್ನ ಪಾಸ್‌ಪೋರ್ಟಿನ ಒಂದು ಹಾಳೆ ಅದು, ನೀನಲ್ಲ. ಹೋಟೆಲಿನ ಸೀಸನ್ ಮುಗಿಸು, ಆಮೇಲೆ ನಡೆ. ಆ ದಾರಿಯ ಕಡೆಯ ಊರಿನವರೆಗೆ ನಡೆದು ಬಿಡು.

ಅಪ್ಪ ಏನು ಹೇಳಿದರು ಎಂದು ಕೇಳಬೇಡ. ಅವರು ನಿನ್ನ ಪತ್ರ ಕೈಯಲ್ಲಿ ಹಿಡಿದು ನೋಡಿದ್ದಾರೆ. ಬೇಡ ಎಂದು ಹೇಳಲಿಲ್ಲ.

ಮೆಂತೆ ಮುಗಿದಿದ್ದರೆ ಹೇಳು, ಕಳಿಸುತ್ತೇನೆ. ಬೆನ್ನು ನೋವಿಗೆ ಚೀಲದ ಪಟ್ಟಿಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟು. ಗಾಳಿ ಜಾಸ್ತಿ ಇರುವ ದಿನ ಬಂಡೆಯ ತುದಿಗೆ ಹೋಗಬೇಡ. ನಿನ್ನ ಹೆಜ್ಜೆ ಜಾರದಿರಲಿ.

ನಿನ್ನ ಅಮ್ಮ,
ಉಮಾವತಿ

ತಾ.ಕ.: ನಿನ್ನ ನೀಲಿ ಸ್ವೆಟರ್ ಇಲ್ಲೇ ಉಳಿದಿದೆ. ಈ ಸೆಖೆಯಲ್ಲಿಯೂ ಒಮ್ಮೊಮ್ಮೆ ಅದನ್ನು ತೆಗೆದು ಮಡಿಚುತ್ತೇನೆ, ಮೊದಲೇ ಮಡಿಚಿದ್ದರೂ.


ಸಾಲ್ಮಿಯಾ, ಕುವೈತ್
22 ಅಕ್ಟೋಬರ್ 2004, ಶುಕ್ರವಾರ

ಮಗಾ ಅಶ್ಮಿತಾ,

ಈ ಪತ್ರವನ್ನು ಕೂತು ಓದು. ಫಾಲ್ಮತ್ ಅಂಚೆ ಕಚೇರಿಯ ಹೊರಗೆ ಬೆಂಚು ಇದ್ದರೆ ಮೊದಲು ಚೀಲ ಕೆಳಗಿಡು.

ಕಳೆದ ಶನಿವಾರಕ್ಕೆ ಆರು ತಿಂಗಳು ಮುಗಿಯಿತು. ಉಪವಾಸದ ತಿಂಗಳು ಶುರುವಾಗಿ ಎರಡನೇ ದಿನ. ಮಧ್ಯಾಹ್ನ ರಸ್ತೆ ಖಾಲಿ. ನಾನು ಬೇಗ ಮನೆಗೆ ಬಂದು ಕೂತು ಕ್ಯಾಲೆಂಡರಿನ ಹದಿನಾರನ್ನು ನೋಡುತ್ತಿದ್ದೆ. ಏನೂ ಆಗಲಿಲ್ಲ. ಯಾರೂ ಬಾಗಿಲು ತಟ್ಟಿ ಹೇಳಲಿಲ್ಲ. ಸಂಜೆ ಮಸೀದಿಯ ಬಾಂಗು ಆಯಿತು, ಎಲ್ಲ ಮನೆಗಳಿಂದ ಪಾತ್ರೆಯ ಸದ್ದು ಬಂತು. ಅಷ್ಟಕ್ಕೆ, ನಾಲ್ಕನೇ ಮಾಳಿಗೆಯ ಈ ಮನೆ, ನೀನು ಹಾಲುಹಲ್ಲು ಬೀಳಿಸಿದ ಈ ಊರು, ಕಾನೂನಿನ ಪ್ರಕಾರ ನಿನ್ನದಲ್ಲ ಎಂದಾಯಿತು.

ಇನ್ನು ನಾನು ಮುಚ್ಚಿಟ್ಟದ್ದನ್ನು ಹೇಳಬೇಕು. ಅಪ್ಪ ಬದುಕಿದ್ದಾರೆ, ಎದ್ದು ಕೂರುತ್ತಾರೆ, ಕೋಲು ಹಿಡಿದು ನಡೆಯುತ್ತಾರೆ. ಇದನ್ನು ಮೊದಲು ಓದಿಕೊಂಡು ಆಮೇಲೆ ಮುಂದಿನದನ್ನು ಓದು.

ಜುಲೈ ಇಪ್ಪತ್ತೇಳು, ಮಂಗಳವಾರ ಬೆಳಿಗ್ಗೆ ಕಂಪನಿಯ ವ್ಯಾನು ಕೆಳಗೆ ಹಾರ್ನ್ ಹಾಕಿತು. ಅಪ್ಪ ಒಂದು ಬೂಟು ಹಾಕಿಯಾಗಿತ್ತು. ಎರಡನೆಯದಕ್ಕೆ ಬಗ್ಗಿದವರು “ಉಮಾ” ಎಂದರು. ನಾನು ಬುತ್ತಿ ಕಟ್ಟುತ್ತಿದ್ದೆ, ಬಂದೆ ಎಂದೆ. ಬಂದು ನೋಡುವಾಗ ಬಲಗೈ ಮೊಣಕಾಲ ಮೇಲೆ ಜೋತು ಬಿದ್ದಿತ್ತು, ಬಾಯಿಯ ಒಂದು ಬದಿ ಇಳಿದಿತ್ತು. ನಾನು ಎರಡು ವರ್ಷ ಓದಿದವಳು ಮಗಾ, ನೋಡಿದ ಕೂಡಲೇ ತಿಳಿಯಿತು. ವ್ಯಾನು ಕಾದು ಕಾದು ಮೊಯ್ದೀನ್ ಕುಂಞಿಯವರು ಮೇಲೆ ಬಂದರು. ಲಿಫ್ಟ್ ಹಾಳಾಗಿತ್ತು. ಅವರು ಅಪ್ಪನನ್ನು ಬೆನ್ನ ಮೇಲೆ ಹೊತ್ತು ನಾಲ್ಕು ಮಾಳಿಗೆ ಇಳಿದರು. ಅರವತ್ತರ ಹತ್ತಿರದ ಮನುಷ್ಯ. ಆಸ್ಪತ್ರೆಯ ಬಾಗಿಲಲ್ಲಿ ಗೋಡೆಗೆ ಒರಗಿ ನಿಂತು ನನಗೆ “ಹೆದರ್ಬೇಡಿ ಉಮಕ್ಕಾ, ನಾವೆಲ್ಲ ಇದ್ದೇವೆ” ಎಂದರು.

ಹದಿನಾರು ದಿನ ಆಸ್ಪತ್ರೆ. ಕಾಲು ಸ್ವಲ್ಪ ಬಂತು, ಕೈ ಬರಲಿಲ್ಲ. ಮಾತು ಹೋಯಿತು. ಕೇಳುವುದೆಲ್ಲ ತಿಳಿಯುತ್ತದೆ, ಹೇಳಲು ಹೋದರೆ ಒಂದೇ ಶಬ್ದ ಬರುತ್ತದೆ. ಹೌದು ಎನ್ನುವ ನಮ್ಮ ತುಳುವಿನ ‘ಅಂದ್’. ಹೌದು ಎನ್ನಲಿಕ್ಕೂ ಅದೇ, ಅಲ್ಲ ಎನ್ನಲಿಕ್ಕೂ ಅದೇ. ನೀರು ಬೇಕಾದರೂ ಅದೇ, ಕೋಪ ಬಂದರೂ ಅದೇ. ತಲೆ ಆಡಿಸುವುದನ್ನು ನೋಡಿ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಅರ್ಥವಾಗದಿದ್ದರೆ ಅವರು ಎಡಗೈಯಲ್ಲಿ ಗೋಡೆಗೆ ಗುದ್ದುತ್ತಾರೆ. ಆಮೇಲೆ ನನ್ನ ಕೈ ಹಿಡಿದು ಅಳುತ್ತಾರೆ. ನೀನು ಅಪ್ಪ ಅಳುವುದನ್ನು ನೋಡಿದವಳಲ್ಲ.

ಮನೆಗೆ ಬಂದ ಮೇಲೆ ಪ್ರತಿ ಶುಕ್ರವಾರ ನೀನು “ಅಪ್ಪ ಇದ್ದಾರಾ?” ಎಂದು ಕೇಳಿದಾಗ ಅವರು ನನ್ನ ಪಕ್ಕದಲ್ಲೇ ಕೂತಿರುತ್ತಿದ್ದರು. ಹೊರಗೆ ಹೋಗಿದ್ದಾರೆ ಎನ್ನುತ್ತಿದ್ದೆ. “ಇನ್ನೂ ಕೋಪವಾ?” ಎಂದು ನೀನು ನಗುತ್ತಿದ್ದೆ. ನಗು ಮುಗಿಯುವಾಗ ನಿನ್ನ ಸ್ವರ ಹೇಗಾಗುತ್ತಿತ್ತು ಎಂದು ನನಗೆ ಗೊತ್ತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನೀನು ಮರುದಿನವೇ ವಿಮಾನದಲ್ಲಿರುತ್ತಿದ್ದೆ. ನನ್ನ ಅಪ್ಪ ಸುಳ್ಳು ತಂತಿ ಕಳಿಸಿ ನನ್ನನ್ನು ತಿರುಗಿಸಿದರು. ನಾನು ನಿಜವನ್ನೇ ಬಚ್ಚಿಟ್ಟು ನಿನ್ನನ್ನು ತಿರುಗಿಸದೆ ಉಳಿಸಿದೆ. ಆಗ ಇದು ದೊಡ್ಡ ಕೆಲಸ ಎಂದು ಕಂಡಿತು. ಈಗ ಹಾಗೆ ಕಾಣುವುದಿಲ್ಲ. ನಿನ್ನ ತಂದೆಯ ವಿಷಯ ನಿನಗೆ ತಿಳಿಯಬೇಕಿತ್ತು, ಬರುವುದೋ ಬಿಡುವುದೋ ನೀನು ತೀರ್ಮಾನಿಸಬೇಕಿತ್ತು. ಅದನ್ನೂ ನಾನೇ ತೀರ್ಮಾನಿಸಿಬಿಟ್ಟೆ. ಕಡೆಗೆ ನಾನೂ ನನ್ನ ಅಪ್ಪನ ಮಗಳೇ.

ಕಂಪನಿಯವರು ಅಪ್ಪನನ್ನು ಕೆಲಸದಿಂದ ಬಿಡಿಸಿದ್ದಾರೆ, ಮರ್ಯಾದೆಯಿಂದಲೇ. ಅವರ ಇಕಾಮಾ ಮುಗಿದರೆ ನಾವೂ ಇಲ್ಲಿ ಇರುವ ಹಾಗಿಲ್ಲ. ಈದ್ ಕಳೆದ ಮೇಲೆ ನವೆಂಬರ್ ಹದಿನೆಂಟಕ್ಕೆ ಬೊಂಬಾಯಿಯ ಮೇಲಿಂದ ಹೋಗುತ್ತೇವೆ. ಉಡುಪಿಯಲ್ಲಿ ನಿನ್ನ ಅತ್ತೆ ರತ್ನಾವತಿ ಎರಡು ಕೋಣೆಯ ಬಾಡಿಗೆ ಮನೆ ನೋಡಿದ್ದಾಳೆ, ಮಣಿಪಾಲಕ್ಕೆ ಬಸ್ಸು ಹತ್ತಿರ. ಅಲ್ಲಿ ಮಾತು ಕಲಿಸುವವರಿದ್ದಾರಂತೆ. ಡಾಕ್ಟರಮ್ಮ ಹೇಳಿದರು, ಎಳೆಯ ಮಗುವಿಗೆ ಕಲಿಸಿದ ಹಾಗೆ ಒಂದೊಂದೇ ಶಬ್ದ, ಒಂದು ವರ್ಷವಾದರೂ ಬೇಕು ಎಂದು. ನಾನೇ ಕೂತು ಕಲಿಸುತ್ತೇನೆ.

ನಿನ್ನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿದೆ. ನಿನ್ನ ಮಂಚವನ್ನು ಕೆಳಗಿನ ಮನೆಯ ಫಿಲಿಪೈನ್ಸಿನ ಹುಡುಗಿಯರು ಕೊಂಡು ಹೋದರು. ನಿನ್ನ ಎತ್ತರವನ್ನು ವರ್ಷವರ್ಷವೂ ಗೆರೆ ಹಾಕಿದ ಬಾಗಿಲ ಚೌಕಟ್ಟನ್ನು ಏನು ಮಾಡಲಿ? ಬಣ್ಣದವನು ನಾಡಿದ್ದು ಬರುತ್ತಾನೆ. ಅಪ್ಪ ದಿನವೂ ಅಲ್ಲಿ ಹೋಗಿ ಎಡಗೈಯಿಂದ ಆ ಗೆರೆಗಳನ್ನು ಮುಟ್ಟಿ, “ಅಂದ್, ಅಂದ್” ಎನ್ನುತ್ತಾರೆ. ಇಂಥ ಹೊತ್ತಿನಲ್ಲಿ ನೀನು ಇಲ್ಲಿರಬೇಕಿತ್ತು ಎಂದು ಜೀವ ಹಾತೊರೆಯುತ್ತದೆ. ಬೇಡ ಎಂದು ಬರೆದ ಕೈಯೇ ಇದು. ದಿನಕ್ಕೆ ಹತ್ತು ಸಲ ನಿನ್ನನ್ನು ಕರೆಯುತ್ತೇನೆ, ಬಾಯಿ ಬಿಡದೆ.

ಈಗ ನಿನಗೆ ಎಲ್ಲ ಗೊತ್ತಾಯಿತು. ಬಾ ಎಂದೂ ಹೇಳುವುದಿಲ್ಲ, ಬರಬೇಡ ಎಂದೂ ಹೇಳುವುದಿಲ್ಲ. ನಡೆದೇ ಮುಗಿಸುತ್ತೇನೆ ಎಂದರೆ ನಡೆ. ಉಡುಪಿಗೆ ಬರುತ್ತೇನೆ ಎಂದರೆ ಬಾ, ಅಲ್ಲಿಗೆ ಯಾರ ಇಕಾಮಾವೂ ಬೇಡ. ನನ್ನ ಮೇಲೆ ಕೋಪ ಬಂದರೆ ಅದನ್ನೂ ಇಟ್ಟುಕೋ, ಅದು ನನಗೆ ಸಲ್ಲಬೇಕಾದದ್ದೇ. ಎಲ್ಲಿದ್ದರೂ ತಲೆಯ ಮೇಲೊಂದು ಸೂರು, ಪಕ್ಕದಲ್ಲಿ ಒಬ್ಬರು ಮಾತಿಗೆ ಸಿಗುವವರು ನಿನಗಿರಲಿ ಎಂದು ನಾವಿಬ್ಬರೂ ಹರಸುತ್ತೇವೆ. ನಾನು ಇದನ್ನು ಬರೆಯುವಾಗ ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದಾರೆ.

ನಿನ್ನ
ಅಮ್ಮ

ತಾ.ಕ.: ಪತ್ರ ಮುಚ್ಚಿ ಗೋಂದು ಹಚ್ಚಿದ್ದೆ. ಮತ್ತೆ ಬಿಡಿಸಿದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೆದೂ ಸುಳ್ಳೇ ಆಗುತ್ತದೆ.

ಅಪ್ಪನಿಗೆ ಹಾಗಾಗುವ ನಾಲ್ಕು ದಿನ ಮೊದಲು, ಜುಲೈ ಇಪ್ಪತ್ತಮೂರರ ಶುಕ್ರವಾರ ನಿನ್ನ ಫೋನು ಬಂದಾಗ ಅವರು ಬಾಲ್ಕನಿಗೆ ಹೋಗಲಿಲ್ಲ. ನಾನು ಮಾತನಾಡುವಷ್ಟು ಹೊತ್ತೂ ಕುರ್ಚಿಯ ಹಿಂದೆ ನಿಂತಿದ್ದರು. ಆಮೇಲೆ ಕೈ ಚಾಚಿ, “ಇಲ್ಲಿ ಕೊಡು, ನಾನು ಮಾತಾಡ್ತೇನೆ” ಎಂದರು. ನಾನು ಕೊಡಲಿಲ್ಲ. ಅವರು ಮನಸ್ಸು ಕರಗಿ ‘ಬಂದು ಹೋಗು’ ಎಂದುಬಿಟ್ಟರೆ ನೀನು ಬಂದೇ ಬಿಡುತ್ತೀ ಎಂದು ನನಗೆ ಭಯ. ಅವಳ ಫೋನ್ ಕಾರ್ಡು ಮುಗೀತಂತೆ, ಬರುವ ವಾರ ಮಾತಾಡಿ ಎಂದು ಅವರಿಗೆ ಹೇಳಿ ಇಟ್ಟುಬಿಟ್ಟೆ. ನೀನು ಆಚೆ ಇನ್ನೂ “ಅಮ್ಮಾ, ಹಲೋ” ಎನ್ನುತ್ತಿದ್ದೆ.

ಅವರು ಸ್ವಲ್ಪ ಹೊತ್ತು ಬಿಟ್ಟು ಅಡುಗೆ ಮನೆಯ ಬಾಗಿಲಿಗೆ ಬಂದು, “ಅಲ್ಲಿ ಮಳೆ ಉಂಟಂತಾ? ಕೇಳಿದ್ಯಾ?” ಎಂದರು. ಕೇಳಲಿಲ್ಲ ಎಂದೆ. “ಹೂಂ” ಎಂದು ಹೋದರು. ನಿನ್ನ ವಿಷಯ ಅವರ ಬಾಯಿಂದ ಬಂದ ಕೊನೆಯ ಮಾತು ಅದು.

ಇದನ್ನು ಓದಿದ ಮೇಲಿನ ಶುಕ್ರವಾರ ಫೋನು ಮಾಡು. ನಾನು ಏನೂ ಮಾತನಾಡುವುದಿಲ್ಲ, ಅವರ ಕಿವಿಗೆ ಹಿಡಿಯುತ್ತೇನೆ. ಅಲ್ಲಿ ಮಳೆ ಇದೆಯೋ ಇಲ್ಲವೋ, ಮೊದಲು ಅದನ್ನು ಹೇಳು.